ಹಳೆಯ ಜೀಪಿನ ನೆಲದ ತುಕ್ಕು ತೆಗೆದು ಹೊಸ ಲೇಪನ ಕೊಡುವುದು: ಕ್ರಮ ತಪ್ಪದಂತೆ ಒಂದು ಸಮಗ್ರ ಮಾರ್ಗದರ್ಶಿ

ಬಣ್ಣ ಬಳಿದು ಒಂದು ಮಳೆಗಾಲ ಕಳೆಯುವುದರೊಳಗೆ ಚಾಲಕನ ಪಾದದಡಿಯಲ್ಲಿ ಮತ್ತೆ ಗುಳ್ಳೆ ಏಳುತ್ತದೆ. ಉಗುರಿನಿಂದ ಕೆದಕಿದರೆ ಲೇಪನ ಸಿಪ್ಪೆಯಂತೆ ಸುಲಿದು ಬರುತ್ತದೆ. ಅದರಡಿ ಒದ್ದೆಯಾದ ಕಂದು ಪುಡಿ. ಹಳೆಯ ಜೀಪು ಇಟ್ಟುಕೊಂಡವರು ಈ ದೂರನ್ನು ಮತ್ತೆ ಮತ್ತೆ ಹೇಳುತ್ತಾರೆ, ಮತ್ತು ಎಲ್ಲರೂ ಮೊದಲು ಬಯ್ಯುವುದು ಬಣ್ಣದ ಡಬ್ಬಿಯನ್ನು. ನಾನು ಬಿಚ್ಚಿ ನೋಡಿದ ನೆಲಗಳಲ್ಲಿ ಬಣ್ಣದ ತಪ್ಪು ಇದ್ದದ್ದು ಬಹಳ ಕಡಿಮೆ. ನೀರು ಬರುವ ದಾರಿಯನ್ನು ಮುಚ್ಚಿರಲಿಲ್ಲ, ಅಥವಾ ತುಕ್ಕಿನ ಕುಳಿಗಳ ತಳವನ್ನು ಮುಟ್ಟಿರಲಿಲ್ಲ, ಅಥವಾ ಮೊದಲು ಬರಬೇಕಾದ ಪದರ ನಂತರ ಬಂದಿತ್ತು. ಮೂರೂ ಕ್ರಮದ ತಪ್ಪುಗಳೇ. ಆದ್ದರಿಂದ ಇಲ್ಲಿ ಯಾವ ಬಣ್ಣ ಒಳ್ಳೆಯದು ಎಂಬ ಚರ್ಚೆಗಿಂತ ಯಾವುದರ ನಂತರ ಯಾವುದು ಎಂಬುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಇಲ್ಲಿ ಹೇಳುವುದು ಪ್ರತ್ಯೇಕ ಚಾಸಿಯ (ಭಾರ ಹೊರುವ ಉಕ್ಕಿನ ಚೌಕಟ್ಟಿನ) ಮೇಲೆ ಕೂರಿಸಿದ, ಉಕ್ಕಿನ ತಗಡಿನ ನೆಲವಿರುವ ಗಾಡಿಗಳಿಗೆ ಹೊಂದುತ್ತದೆ. ಚಾಸಿ ಇಲ್ಲದೆ ಮೈಯೇ ಭಾರ ಹೊರುವ ಗಾಡಿಯಾದರೆ ನೆಲವೂ ಅದರ ಬಲದ ಭಾಗ. ಅಲ್ಲಿ ತೂತು ಬಿದ್ದಿದ್ದರೆ ಕತ್ತರಿಸಿ ಬೆಸೆಯುವ ಕೆಲಸವನ್ನು ಅನುಭವಿ ಬೆಸುಗೆಗಾರರಿಗೇ ಬಿಡಿ. ಅಲ್ಯೂಮಿನಿಯಂ ಮೈಯೂ ಉಕ್ಕಿನ ಚೌಕಟ್ಟೂ ಸೇರಿದ ಗಾಡಿಗಳಲ್ಲಿ ಎರಡು ಲೋಹ ನೇರವಾಗಿ ತಾಗುವಲ್ಲಿ ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕರಗುತ್ತದೆ. ಅಂಥ ಕಡೆ ಲೇಪನದ ಜೊತೆಗೆ ನಡುವೆ ರಬ್ಬರ್ ಅಥವಾ ಪ್ಲಾಸ್ಟಿಕ್ ತಡೆಯೂ ಬೇಕು.

ಶನಿವಾರ ಆರಂಭಿಸಿ ಭಾನುವಾರ ಮುಗಿಸುವ ಕೆಲಸ ಇದಲ್ಲ. ಕೈಕೆಲಸಕ್ಕಿಂತ ಒಣಗಲು ಬಿಡುವ ಸಮಯವೇ ಹೆಚ್ಚು. ಗಾಡಿ ಕನಿಷ್ಠ ಒಂದು ವಾರ ಸೂರಿನಡಿ ನಿಲ್ಲುವಂತಿದ್ದರೆ ಮಾತ್ರ ಕೈ ಹಾಕಿ.

## ಮೊದಲೇ ಜೋಡಿಸಿಕೊಳ್ಳಬೇಕಾದವು

ಕೆರೆಯಲು: ಅಗಲ ಬಾಯಿಯ ಕೆರೆಯುವ ಪಟ್ಟಿ, ಹಳೆಯ ಉಳಿ, ಸಣ್ಣ ಸುತ್ತಿಗೆ, ಚೂಪು ತುದಿಯ ಸ್ಕ್ರೂಡ್ರೈವರ್, ಕೈಯ ತಂತಿ ಬ್ರಷ್, ಆ್ಯಂಗಲ್ ಗ್ರೈಂಡರ್, ಅದಕ್ಕೆ ಹೆಣೆದ ತಂತಿಯ ಬಟ್ಟಲು, ಬಣ್ಣ ಸುಲಿಯುವ ಜಾಲರಿ ಡಿಸ್ಕ್, 80ರ ಫ್ಲ್ಯಾಪ್ ಡಿಸ್ಕ್ (ಉಜ್ಜುಕಾಗದದ ಎಸಳುಗಳನ್ನು ಜೋಡಿಸಿದ್ದು), 120 ಮತ್ತು 180ರ ಉಜ್ಜುಕಾಗದ (ಸಂಖ್ಯೆ ಹೆಚ್ಚಿದಷ್ಟೂ ನಯ). ಸಣ್ಣ ಗ್ರೈಂಡರ್‌ಗಳು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತವೆ. ತಂತಿ ಬಟ್ಟಲಿನ ಮೇಲೆ ಬರೆದಿರುವ ಗರಿಷ್ಠ ವೇಗ ಅದಕ್ಕಿಂತ ಕಡಿಮೆಯಿದ್ದರೆ ಆ ಬಟ್ಟಲನ್ನು ಹಾಕಲೇಬೇಡಿ.

ಮೈ ಕಾಯಲು: ಕನ್ನಡಕ, ಅದರ ಮೇಲೆ ಪೂರ್ತಿ ಮುಖ ಮುಚ್ಚುವ ಪಾರದರ್ಶಕ ಕವಚ, ಕಿವಿಗೆ ತಡೆ, ಗಟ್ಟಿ ಕೈಗವಸು, ದೂಳಿಗೊಂದು ಮತ್ತು ದ್ರಾವಕಗಳ ಆವಿಗೊಂದು ಮಾಸ್ಕ್. ದೂಳು ತಡೆಯುವ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಡಬ್ಬಿ ಇರುವುದೇ ಬೇಕು. ಬಹಳ ಹಳೆಯ ಗಾಡಿಯ ಬಣ್ಣದಲ್ಲಿ ಸೀಸ ಇರಬಹುದು. ಹಾಗಾಗಿ ಉದುರಿದ ಪುಡಿಯನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಗಾಡಿ ಎತ್ತಲು: ಜ್ಯಾಕ್ ಎತ್ತುವುದಕ್ಕೆ ಮಾತ್ರ, ಹಿಡಿದು ನಿಲ್ಲಿಸುವುದಕ್ಕಲ್ಲ. ಗಟ್ಟಿಯಾದ ಸಮತಟ್ಟು ನೆಲ, ಭಾರಕ್ಕೆ ತಕ್ಕ ಸ್ಟ್ಯಾಂಡ್‌ಗಳು, ಚಕ್ರಗಳಿಗೆ ಅಡೆ. ಕೆಳಗೆ ಮಲಗುವ ಮುಂಚೆ ಗಾಡಿಯನ್ನು ಎರಡೂ ಕೈಗಳಿಂದ ಜೋರಾಗಿ ಅಲುಗಾಡಿಸಿ ನೋಡಿ. ಅಲುಗಿದರೆ ಇಳಿಸಿ ಮತ್ತೆ ನಿಲ್ಲಿಸಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತಿರಲಿ.

## ಹಂತ 1: ನೀರು ಬಂದ ದಾರಿ ಹುಡುಕಿ

ಎಲ್ಲರೂ ಹಾರಿ ದಾಟುವ ಹಂತ ಇದು. ನೆಲದ ಮೇಲ್ಭಾಗದಲ್ಲಿ ತುಕ್ಕಿದೆ ಎಂದರೆ ನೀರು ಒಳಗಿನಿಂದ ಬಂದಿದೆ. ಕೆಳಗಿನಿಂದ ಎಷ್ಟೇ ದಪ್ಪ ಲೇಪನ ಬಳಿದರೂ ಅದಕ್ಕೆ ಪರಿಹಾರವಿಲ್ಲ.

ಚಾಪೆ ಎತ್ತಿ, ನೆಲವನ್ನು ಒಣಗಿಸಿ, ಟಾಲ್ಕಂ ಪುಡಿಯನ್ನು ತೆಳ್ಳಗೆ ಉದುರಿಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಕೊಳವೆಯಲ್ಲಿ ನೀರು ಬಿಡಲಿ. ಮೊದಲು ಬಾಗಿಲಿನ ಕೆಳಭಾಗ, ನಂತರ ಬಾಗಿಲ ರಬ್ಬರ್, ನಂತರ ಮುಂಗಾಜಿನ ಕೆಳಗಿನ ಮೂಲೆಗಳು, ಕೊನೆಗೆ ಚಾವಣಿ. ಒಂದೊಂದು ಜಾಗಕ್ಕೂ ಐದರಿಂದ ಹತ್ತು ನಿಮಿಷ ಕೊಡಿ. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲ ಕಡೆಗೂ ಹರಿದು, ಯಾವುದು ಸೋರುತ್ತಿದೆ ಎಂಬುದೇ ತಿಳಿಯುವುದಿಲ್ಲ. ಪುಡಿಯ ಮೇಲೆ ಮೂಡುವ ಗೆರೆಯನ್ನು ಹಿಂದಕ್ಕೆ ಹಿಡಿದು ಹೋದರೆ ಮೂಲ ಸಿಗುತ್ತದೆ.

ಸಾಮಾನ್ಯವಾಗಿ ಸಿಕ್ಕಿಬೀಳುವವು: ಗಡಸಾದ ಮುಂಗಾಜಿನ ರಬ್ಬರ್, ಅದರ ಮುಂದಿನ ಗಾಳಿತೂಬಿನಲ್ಲಿ ಎಲೆ ತುಂಬಿ ಕಟ್ಟಿಕೊಂಡ ನೀರಿನ ರಂಧ್ರ, ಬಾಗಿಲಿನ ತಳದ ಮುಚ್ಚಿಹೋದ ತೂತುಗಳು, ಎಂಜಿನ್ ಕಡೆಯ ಗೋಡೆಯಲ್ಲಿ ತಂತಿಗಳು ದಾಟುವ ರಬ್ಬರ್ ಬಳೆಗಳು, ಯಾರೋ ಹಿಂದೆ ಕೊರೆದು ಬಿಟ್ಟ ಬೋಲ್ಟ್ ತೂತುಗಳು.

ಎಲ್ಲ ಸೋರಿಕೆಯೂ ನೀರಿನದಲ್ಲ. ಅಂಟಂಟಾಗಿ ಸಿಹಿವಾಸನೆ ಬಂದರೆ ಅದು ಹೀಟರ್‌ನಿಂದ ಸೋರುವ ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ. ಚಾಲಕನ ಪಾದದ ಬಳಿ ಮಾತ್ರ ಬಣ್ಣ ಮೆತ್ತಗಾಗಿ ಕಿತ್ತುಬರುತ್ತಿದ್ದರೆ ಪೆಡಲ್‌ಗಳ ಹಿಂದೆ ಕೈಯಾಡಿಸಿ. ಕ್ಲಚ್ ಅಥವಾ ಬ್ರೇಕಿನ ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವ ಭಾಗ) ದ್ರವ ಇಳಿಯುತ್ತಿರಬಹುದು. ಸಾಮಾನ್ಯ ಬ್ರೇಕ್ ದ್ರವ ಬಣ್ಣವನ್ನು ಕರಗಿಸುತ್ತದೆ. ಒಂದೇ ಜಾಗಕ್ಕೆ ಎರಡು ಬಾರಿ ಬಣ್ಣ ಬಳಿದ ಮೇಲೆ, ಮೂರನೆಯ ಸಲ ನನಗೆ ಈ ಕಾರಣ ತಿಳಿಯಿತು. ಬ್ರೇಕಿನ ದ್ರವವೇ ಸೋರುತ್ತಿದ್ದರೆ ತುಕ್ಕಿನ ಕೆಲಸ ಅಲ್ಲಿಗೇ ನಿಲ್ಲಿಸಿ, ಮೊದಲು ಬ್ರೇಕ್ ಸರಿಮಾಡಿಸಿ.

ಸೋರಿಕೆ ನಿಲ್ಲಿಸಿ, ಮತ್ತೊಮ್ಮೆ ನೀರು ಬಿಟ್ಟು ಖಚಿತಪಡಿಸಿಕೊಂಡ ನಂತರವೇ ಎರಡನೆಯ ಹಂತ.

## ಹಂತ 2: ನೆಲವನ್ನು ಪೂರ್ತಿ ಬರಿದು ಮಾಡಿ

ಬ್ಯಾಟರಿಯ ಋಣ ತಂತಿ ಬಿಚ್ಚಿ. ಏರ್‌ಬ್ಯಾಗ್ ಅಥವಾ ತಾನೇ ಬಿಗಿಯುವ ಸೀಟ್‌ಬೆಲ್ಟ್ ಇರುವ ಗಾಡಿಯಾದರೆ ಕೈಪಿಡಿ ಹೇಳಿದಷ್ಟು ಹೊತ್ತು ಕಾದ ನಂತರವೇ ಸೀಟಿನಡಿಯ ಜೋಡಣೆಗಳನ್ನು ಮುಟ್ಟಿ. ಹಳದಿ ಬಣ್ಣದ ಜೋಡಣೆಗಳಿಗೆ ಮೀಟರ್ ಕಡ್ಡಿ ಚುಚ್ಚಬೇಡಿ.

ಸೀಟಿನ ಬೋಲ್ಟ್‌ಗಳು ಹಿಡಿದುಕೊಂಡಿರುತ್ತವೆ. ಹಿಂದಿನ ದಿನವೇ ತುಕ್ಕು ಸಡಿಲಿಸುವ ಎಣ್ಣೆಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಹಾಕಿಡಿ. ಬಿಚ್ಚುವಾಗ ಒಂದೇ ಸಮನೆ ತಿರುಗಿಸದೆ ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ಹಿಂದಕ್ಕೆ ಬಿಗಿದು, ಮತ್ತೆ ಬಿಚ್ಚಿ. ಬೆಂಕಿ ಹಿಡಿದು ಕಾಯಿಸುವ ಆಸೆ ಬೇಡ. ಆ ತಗಡಿನ ಇನ್ನೊಂದು ಬದಿಯಲ್ಲಿ ಇಂಧನದ ಕೊಳವೆ ಹಾದುಹೋಗಿರುವುದು ಸಾಮಾನ್ಯ. ಸೀಟ್‌ಬೆಲ್ಟಿನ ಬೋಲ್ಟ್, ವಾಷರ್, ಬಳೆಗಳನ್ನು ಬಿಚ್ಚಿದ ಅನುಕ್ರಮದಲ್ಲೇ ದಾರಕ್ಕೆ ಪೋಣಿಸಿ, ಫೋಟೊ ತೆಗೆದಿಡಿ.

ಚಾಪೆಯಡಿಯ ಸ್ಪಂಜು ಅಥವಾ ನಾರಿನ ಹಾಸನ್ನು ಹಿಂಡಿ ನೋಡಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ನೀರು ಹಿಡಿದಿಡುತ್ತದೆ. ಮುಗ್ಗು ವಾಸನೆ ಹಿಡಿದಿದ್ದರೆ ಎಸೆದುಬಿಡಿ. ಸದ್ದು ತಡೆಯಲು ಅಂಟಿಸಿದ ಡಾಂಬರಿನ ಹಾಳೆಗಳನ್ನು ಬೆರಳ ಗಿಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಅಂಟು ಬಿಟ್ಟು ತುಕ್ಕು ಹಬ್ಬಿದೆ. ಬಿಸಿಗಾಳಿ ಯಂತ್ರದಿಂದ ಮೆತ್ತಗೆ ಮಾಡಿ ಕೆರೆದು ತೆಗೆಯಬಹುದು. ಒಣ ಮಂಜುಗಡ್ಡೆ ಸಿಕ್ಕರೆ ಅದನ್ನು ಹರಡಿ, ಹಾಳೆ ಬಿರುಸಾದ ಮೇಲೆ ಸುತ್ತಿಗೆಯಿಂದ ತಟ್ಟಿದರೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಅದು ಆವಿಯಾದಾಗ ಬರುವುದು ಇಂಗಾಲದ ಡೈಆಕ್ಸೈಡ್; ಬಾಗಿಲುಗಳೆಲ್ಲ ತೆರೆದಿರಲಿ, ಬರಿಗೈಯಲ್ಲಿ ಮುಟ್ಟಬೇಡಿ.

ಅರ್ಧ ಎತ್ತಿದ ಚಾಪೆಯನ್ನು ಮಡಿಸಿ ಪಕ್ಕಕ್ಕೊತ್ತಿ ಕೆಲಸ ಮಾಡುವವರಿದ್ದಾರೆ. ಕಿಡಿ ಹಾರಿದ ದಿನ ಅದೇ ಹೊತ್ತಿಕೊಳ್ಳುತ್ತದೆ.

## ಹಂತ 3: ತೊಳೆಯಿರಿ, ಒಣಗಿಸಿ, ಚುಚ್ಚಿ ನೋಡಿ

ಕೆಳಗಿನಿಂದ ಕೆಸರನ್ನು ಪೂರ್ತಿ ತೊಳೆಯಿರಿ. ಚಾಸಿಯ ಮೇಲ್ಮೈಗೂ ನೆಲಕ್ಕೂ ನಡುವಿನ ಸಂದಿನಲ್ಲಿ, ಮೈಯನ್ನು ಚಾಸಿಗೆ ಹಿಡಿದಿಡುವ ರಬ್ಬರ್ ಗುಂಡುಗಳ ಸುತ್ತ, ಅಡ್ಡತೊಲೆಗಳ ಹಿಂದೆ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಕಡಲತೀರದಲ್ಲಿ ಅಥವಾ ಉಪ್ಪು ಹರಡಿದ ರಸ್ತೆಯಲ್ಲಿ ಓಡಿದ ಗಾಡಿಯಾದರೆ ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಕುಳಿಗಳಲ್ಲಿ ಉಳಿದ ಉಪ್ಪು ಗಾಳಿಯಿಂದಲೇ ತೇವ ಎಳೆದುಕೊಂಡು ಬಣ್ಣದಡಿ ತುಕ್ಕನ್ನು ಮುಂದುವರಿಸುತ್ತದೆ. ನಂತರ ಫ್ಯಾನ್ ಇಟ್ಟು ಒಂದೆರಡು ದಿನ ಒಣಗಲು ಬಿಡಿ.

ಒಣಗಿದ ನೆಲವನ್ನು ಸಣ್ಣ ಸುತ್ತಿಗೆಯಿಂದ ಅಂಗುಲ ಅಂಗುಲವಾಗಿ ತಟ್ಟುತ್ತ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ದಪ್ ಎನ್ನುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್‌ನಿಂದ ಬಲವಾಗಿ ಚುಚ್ಚಿ. ತೂತು ಬಿದ್ದೀತೆಂದು ಮೆಲ್ಲಗೆ ಚುಚ್ಚಬೇಡಿ. ಬೀಳುವ ತೂತು ಆಗಲೇ ಬಿದ್ದಿದೆ, ನಿಮಗೆ ಕಂಡಿಲ್ಲ ಅಷ್ಟೆ. ಕತ್ತಲಾದ ಮೇಲೆ ಕೆಳಗೆ ದೀಪವಿಟ್ಟು ಒಳಗಿನಿಂದ ನೋಡಿದರೆ ಸೂಜಿಮೊನೆಯಷ್ಟು ರಂಧ್ರವೂ ನಕ್ಷತ್ರದಂತೆ ಕಾಣುತ್ತದೆ.

ಸೀಮೆಸುಣ್ಣದಿಂದ ಮೂರು ಬಗೆಯ ಗುರುತು ಹಾಕಿ. ಉಜ್ಜಿದರೆ ಹೋಗುವ ಮೇಲ್ಮೈ ತುಕ್ಕಿಗೆ ಸೊನ್ನೆ, ಪದರ ಎದ್ದು ಕುಳಿಬಿದ್ದಲ್ಲಿಗೆ ಗೀಟು, ಚುಚ್ಚಿದರೆ ಒಳಹೋಗುವಲ್ಲಿಗೆ ಗುಣಿಸು ಚಿಹ್ನೆ. ಗುಣಿಸು ಚಿಹ್ನೆ ಸೀಟು, ಸೀಟ್‌ಬೆಲ್ಟಿನ ಬೋಲ್ಟು, ಮೈಯನ್ನು ಹಿಡಿದಿಡುವ ಗುಂಡು, ಇಲ್ಲವೇ ಚಾಸಿಯ ಮೇಲೇ ಬಿದ್ದರೆ, ಅಷ್ಟು ಭಾಗ ನಿಮ್ಮ ಕೆಲಸವಲ್ಲ. ಅಪಘಾತದ ಹೊತ್ತಿಗೆ ಮನುಷ್ಯನನ್ನು ಹಿಡಿದುಕೊಳ್ಳಬೇಕಾದ ತಗಡು ಅದು.

## ಹಂತ 4: ತುಕ್ಕು ಕೆರೆಯುವುದು

ಮೊದಲು ಜಿಡ್ಡು ತೆಗೆಯಿರಿ, ಆಮೇಲೆ ಕೆರೆಯಿರಿ. ಗ್ರೀಸ್ ಇದ್ದಲ್ಲಿ ಗ್ರೈಂಡರ್ ಹಿಡಿದರೆ ಜಿಡ್ಡು ಗೀರುಗಳೊಳಗೆ ಸವರಿಕೊಳ್ಳುತ್ತದೆ, ಮತ್ತೆ ಸುಲಭವಾಗಿ ಬಿಡುವುದಿಲ್ಲ.

ಎದ್ದಿರುವ ಪದರಗಳನ್ನು ಉಳಿ ಮತ್ತು ಸುತ್ತಿಗೆಯಿಂದಲೇ ಹಾರಿಸಿ. ಆಮೇಲೆ ಗ್ರೈಂಡರಿಗೆ ತಂತಿ ಬಟ್ಟಲು, ಉಳಿದ ಬಣ್ಣಕ್ಕೆ ಜಾಲರಿ ಡಿಸ್ಕ್. ಫ್ಲ್ಯಾಪ್ ಡಿಸ್ಕನ್ನು ದಪ್ಪ ಭಾಗಗಳಿಗೂ ಬೆಸುಗೆ ಗಂಟುಗಳಿಗೂ ಮೀಸಲಿಡಿ. ನೆಲದ ತಗಡು ಸಾಮಾನ್ಯವಾಗಿ 0.8ರಿಂದ 1.2 ಮಿಲಿಮೀಟರ್ ದಪ್ಪ. ತುಕ್ಕು ಅದರಲ್ಲಿ ಅರ್ಧ ತಿಂದಿರುತ್ತದೆ, ಉಳಿದರ್ಧವನ್ನು ಡಿಸ್ಕ್ ಒಂದೇ ನಿಮಿಷದಲ್ಲಿ ತಿನ್ನಬಲ್ಲದು. ತಗಡು ನೀಲಿಗಟ್ಟಿದರೆ ಅಥವಾ ಬೆರಳಿಗೆ ಮೆತ್ತಗೆ ಒತ್ತಿಕೊಂಡರೆ ತಕ್ಷಣ ನಿಲ್ಲಿಸಿ.

ಅತಿ ಹೆಚ್ಚು ಜನ ಮೋಸಹೋಗುವುದು ಇಲ್ಲಿಯೇ. ತಂತಿ ಬಟ್ಟಲು ಒಂದು ಹಂತದ ನಂತರ ತುಕ್ಕನ್ನು ಕೀಳುವ ಬದಲು ತಿಕ್ಕಿ ಮಿಂಚಿಸುತ್ತದೆ. ನೆಲ ಕಡುಕಂದಾಗಿ, ಹೊಳಪಾಗಿ, ಎಣ್ಣೆ ಸವರಿದಂತೆ ಕಾಣುತ್ತದೆ. ಕೆಲಸ ಮುಗಿಯಿತೆಂದು ಜನ ಬಣ್ಣದ ಡಬ್ಬಿ ತೆರೆಯುತ್ತಾರೆ. ಆ ಹೊಳಪು ಲೋಹದ್ದಲ್ಲ, ನುಣುಪಾದ ತುಕ್ಕಿನದು. ಅದರ ಮೇಲೆ ಯಾವ ಪ್ರೈಮರೂ, ಅಂದರೆ ಬಣ್ಣಕ್ಕೆ ಮುಂಚೆ ಬಳಿಯುವ ಅಡಿಪದರವೂ, ಬೇರೂರುವುದಿಲ್ಲ. ಪರೀಕ್ಷೆ ಸುಲಭ: ಟಾರ್ಚನ್ನು ನೆಲಕ್ಕೆ ಸಮಾನಾಂತರವಾಗಿ ಮಲಗಿಸಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿ. ಬೂದುಬೆಳ್ಳಿಯ ನಡುವೆ ಕಪ್ಪು ಚುಕ್ಕೆಗಳು ಕಂಡರೆ ಅವು ಕುಳಿಗಳ ತಳದಲ್ಲಿ ಕುಳಿತಿರುವ ತುಕ್ಕು. ಅವನ್ನು ಚೂಪು ಮೊನೆಯಿಂದ ಕೆದಕಿ, ಸಣ್ಣ ತಿರುಗುವ ಬ್ರಷ್ ಹಾಕಿ, ಸಾಧ್ಯವಾದರೆ ಸಣ್ಣ ಮೂತಿಯ ಮರಳೆರಚುವ ಯಂತ್ರ ಬಳಸಿ. ಅದರಲ್ಲಿ ಹೊಳೆಮರಳು ತುಂಬಬೇಡಿ, ಸಿಲಿಕಾ ದೂಳು ಶ್ವಾಸಕೋಶಕ್ಕೆ ಮಾರಕ. ಅದಕ್ಕೆಂದೇ ಮಾರುವ ಕಲ್ಲುಪುಡಿ ಬಳಸಿ.

ಕಣ್ಣಿಗೆ ಕಂಡ ತುಕ್ಕಿನ ಅಂಚಿನಲ್ಲಿ ನಿಲ್ಲಬೇಡಿ. ಬಣ್ಣದಡಿ ಅದು ಮುಂದೆ ಹೋಗಿರುತ್ತದೆ. ಇನ್ನೂ ಮೂರರಿಂದ ಐದು ಸೆಂಟಿಮೀಟರ್ ಮುಂದುವರಿದು, ಗಟ್ಟಿಯಾಗಿ ಹಿಡಿದ ಬಣ್ಣ ಸಿಕ್ಕ ಮೇಲೆ ಅದರ ಅಂಚನ್ನು 120, ನಂತರ 180ರ ಕಾಗದದಿಂದ ಇಳಿಜಾರಾಗಿ ಉಜ್ಜಿ. ಬೆರಳಾಡಿಸಿದರೆ ಮೆಟ್ಟಿಲು ತಾಕಬಾರದು.

ಎರಡು ತಗಡು ಒಂದರ ಮೇಲೊಂದು ಕೂತ ಸಂದು ಉಬ್ಬಿದ್ದರೆ ನಡುವೆ ತುಕ್ಕು ತುಂಬಿದೆ ಎಂದು ತಿಳಿಯಿರಿ. ಮೇಲಿನಿಂದ ಎಷ್ಟು ಉಜ್ಜಿದರೂ ಅದನ್ನು ಮುಟ್ಟಲಾಗದು. ಬೆಸುಗೆ ಚುಕ್ಕೆಗಳನ್ನು ಕೊರೆದು ಸಂದನ್ನು ಬಿಡಿಸಬೇಕು, ಇಲ್ಲವೇ ಆ ಪಟ್ಟಿಯನ್ನೇ ಕತ್ತರಿಸಬೇಕು.

ಗ್ರೈಂಡರಿನ ಕಿಡಿಗಳು ಗಾಜಿಗೆ ಅಂಟಿ ಕೂರುತ್ತವೆ, ಉಜ್ಜಿದರೂ ಹೋಗುವುದಿಲ್ಲ. ಕಿಟಕಿಗಳಿಗೂ ಡ್ಯಾಶ್‌ಬೋರ್ಡಿಗೂ ಒದ್ದೆ ಗೋಣಿ ಅಥವಾ ದಪ್ಪ ಬಟ್ಟೆ ಹೊದಿಸಿ. ತಂತಿಯ ಕಡ್ಡಿಗಳು ಸೂಜಿಯಂತೆ ಹಾರುತ್ತವೆ; ಮುಖಕವಚ ಎತ್ತಿ ಒಂದೇ ಒಂದು ಸಲ ನೋಡಿಬಿಡೋಣ ಎನ್ನುವ ಕ್ಷಣದಲ್ಲೇ ಕಣ್ಣಿಗೆ ಹೊಡೆತ ಬೀಳುವುದು.

## ಹಂತ 5: ತೂತಿದ್ದರೆ ಕತ್ತರಿಸಿ ಬೆಸೆಯಿರಿ

ತೂತಿಲ್ಲದವರು ಮುಂದಿನ ಹಂತಕ್ಕೆ ಹೋಗಬಹುದು. ತೂತಿದ್ದವರು ಪುಟ್ಟಿ, ಗಾಜಿನ ನಾರು, ಅಂಟುಪಟ್ಟಿ ಇವುಗಳಿಂದ ಮುಚ್ಚಬೇಡಿ. ಅವು ತೂತನ್ನು ಕಣ್ಣಿಗೆ ಮರೆಮಾಡುತ್ತವೆ, ಅಂಚಿನ ತುಕ್ಕನ್ನು ನಿಲ್ಲಿಸುವುದಿಲ್ಲ, ಹೊರಗೆ ಹೋಗಬೇಕಾದ ನೀರನ್ನು ಹಿಡಿದಿಡುತ್ತವೆ.

ಗಟ್ಟಿ ಲೋಹ ಸಿಗುವವರೆಗೆ, ತೂತಿನಂಚಿನಿಂದ ಎರಡು ಮೂರು ಸೆಂಟಿಮೀಟರ್ ಹೊರಗೆ ಕತ್ತರಿಸಿ. ಮೂಲೆಗಳನ್ನು ದುಂಡಾಗಿಸಿ, ಚೂಪು ಮೂಲೆಯಿಂದ ಬಿರುಕು ಆರಂಭವಾಗುತ್ತದೆ. ತೇಪೆ ಮೂಲ ತಗಡಿನಷ್ಟೇ ದಪ್ಪ ಅಥವಾ ಕೊಂಚ ಹೆಚ್ಚಿರಲಿ. ಅಂಚಿಗೆ ಅಂಚು ಕೂರಿಸಿ ಬೆಸೆಯುವುದು ಉತ್ತಮ. ಕೈ ಪಳಗದಿದ್ದರೆ ಒಂದರ ಮೇಲೊಂದು ಕೂರಿಸಬಹುದು, ಆದರೆ ತಾಗುವ ಎರಡೂ ಮುಖಗಳಿಗೆ ಬೆಸುಗೆ ತಾಳುವ ಸತುವಿನ ಪ್ರೈಮರ್ ಬಳಿಯಬೇಕು, ಕೊನೆಯಲ್ಲಿ ಎರಡೂ ಬದಿಯ ಅಂಚುಗಳನ್ನು ಮುಚ್ಚಬೇಕು.

ತೆಳು ತಗಡಿಗೆ ಮಿಗ್ ಬೆಸುಗೆ (ಯಂತ್ರದಿಂದ ತಂತಿ ತಾನೇ ಹೊರಬಂದು ಕರಗುವ ಬಗೆ), 0.6 ಮಿಲಿಮೀಟರ್ ತಂತಿ ಹೊಂದುತ್ತದೆ. ಉದ್ದ ಗೆರೆ ಎಳೆಯಬೇಡಿ. ಸುಮಾರು ಒಂದು ಸೆಂಟಿಮೀಟರ್ ಬೆಸೆದು, ಎದುರು ಬದಿಗೆ ಹೋಗಿ ಇನ್ನೊಂದು ಸೆಂಟಿಮೀಟರ್, ಹೀಗೆ ಸುತ್ತಿ ಬನ್ನಿ. ಕೈಯಿಟ್ಟರೆ ಸುಡದಷ್ಟು ಆರಿದ ಮೇಲೆ ನಡುವಿನ ಜಾಗ ತುಂಬಿ. ಇಲ್ಲದಿದ್ದರೆ ನೆಲ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಈ ಹಂತದಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಎರಡು ಎಚ್ಚರಿಕೆಗಳಿವೆ. ಒಂದು, ಕ್ಲೋರಿನ್ ಸೇರಿದ ಬ್ರೇಕ್ ಕ್ಲೀನರಿನಿಂದ ಒರೆಸಿದ ಜಾಗವನ್ನು ಬೆಸೆಯಬೇಡಿ. ಬೆಸುಗೆಯ ಶಾಖಕ್ಕೂ ಬೆಳಕಿಗೂ ಅದು ಒಡೆದು ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ. ಸ್ವಲ್ಪವೇ ಉಸಿರಾಡಿದರೂ ಶ್ವಾಸಕೋಶ ಹಾಳಾಗುತ್ತದೆ. ಎರಡು, ತಗಡಿನ ಆಚೆ ಬದಿಯಲ್ಲಿ ಏನಿದೆ ಎಂದು ನೋಡದೆ ಕಿಡಿ ಹೊತ್ತಿಸಬೇಡಿ. ಇಂಧನದ ಟ್ಯಾಂಕ್ ಹತ್ತಿರವಿದ್ದರೆ ಇಳಿಸಿಡಿ, ಕೊಳವೆ ಮತ್ತು ತಂತಿಗಳನ್ನು ದೂರ ಸರಿಸಿ. ಕೆಳಗಿನಿಂದ ಒಬ್ಬರು ಬೆಂಕಿ ಕಾಯುತ್ತಿರಲಿ, ಬೆಸುಗೆ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಲಿ. ಸತುವಿನ ಹೊಗೆ ಚಳಿಜ್ವರ ತರಿಸುತ್ತದೆ. ಗಾಳಿಯಾಡುವ ಕಡೆ ಮಾತ್ರ ಕೆಲಸ ಮಾಡಿ.

## ಹಂತ 6: ಕುಳಿಗಳಿಗೆ ಮಾತ್ರ ರಾಸಾಯನಿಕ

ತುಕ್ಕು ಪರಿವರ್ತಕ ಎಂದು ಮಾರುವ ದ್ರವಗಳಲ್ಲಿ ಮುಖ್ಯವಾಗಿ ಎರಡು ಬಗೆ. ಫಾಸ್ಫಾರಿಕ್ ಆಮ್ಲದ್ದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಬದಲಿಸುತ್ತದೆ. ಟ್ಯಾನಿಕ್ ಆಮ್ಲದ್ದು ನೀಲಿಗಪ್ಪು ಪದರ ಮಾಡುತ್ತದೆ. ಎರಡೂ ಕೆಲಸ ಮಾಡುವುದು ತೆಳುವಾಗಿ ಕಚ್ಚಿಕೊಂಡ ತುಕ್ಕಿನ ಮೇಲೆ ಮಾತ್ರ. ದಪ್ಪ ಪದರದ ಮೇಲೆ ಸುರಿದರೆ ಮೇಲ್ಭಾಗ ಕಪ್ಪಾಗುತ್ತದೆ, ಒಳಗೆ ತುಕ್ಕು ಹಾಗೇ ಉಳಿಯುತ್ತದೆ. ಕೆರೆಯುವ ಶ್ರಮ ತಪ್ಪಿಸಲು ಇದನ್ನು ಬಳಸುವವರ ನೆಲವೇ ಮುಂದಿನ ವರ್ಷ ಮತ್ತೆ ಸುಲಿಯುವುದು.

ಬ್ರಷ್‌ನಿಂದ ಕುಳಿಗಳಿಗೆ ತುಂಬಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ತೊಳೆಯಬೇಕೋ ಬೇಡವೋ ಎಂಬುದನ್ನೂ ಆ ಡಬ್ಬಿಯೇ ಹೇಳುತ್ತದೆ. ಒಂದರ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ. ಫಾಸ್ಫಾರಿಕ್ ಆಮ್ಲ ಹೆಚ್ಚಾದರೆ ಒಣಗಿದ ಮೇಲೆ ಬಿಳಿ ಪುಡಿ ಅಥವಾ ಅಂಟು ಉಳಿಯುತ್ತದೆ. ಅದರ ಮೇಲೆ ಎಪಾಕ್ಸಿ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಪ್ರೈಮರ್) ಬಳಿದರೆ ಆಮ್ಲವು ಎಪಾಕ್ಸಿಯ ಗಟ್ಟಿಕಾರಕವನ್ನೇ ಕೆಡಿಸಿ ಲೇಪನ ಮೆತ್ತಗೇ ಉಳಿಯುತ್ತದೆ. ಬಿಳಿ ಪುಡಿ ಕಂಡರೆ ನೀರಿನಿಂದ ಒರೆಸಿ, ಬಿಸಿಗಾಳಿಯಿಂದ ಕೂಡಲೇ ಒಣಗಿಸಿ.

ಪರಿವರ್ತಕ, ಪ್ರೈಮರ್, ಮೇಲ್ಪದರ ಮೂರನ್ನೂ ಒಂದಕ್ಕೊಂದು ಹೊಂದುತ್ತವೆಂದು ತಯಾರಕರು ಬರೆದಿರುವ ಜೋಡಿಯಿಂದಲೇ ಆರಿಸಿ. ಲೋಹ ಕಚ್ಚುವ ಆಮ್ಲದ ಪ್ರೈಮರ್ ಬಳಿದು ಅದರ ಮೇಲೆ ಎಪಾಕ್ಸಿ ಬಳಿಯುವುದು ಇದೇ ಕಾರಣಕ್ಕೆ ಕೈಕೊಡುತ್ತದೆ.

## ಹಂತ 7: ಎಪಾಕ್ಸಿ ಪ್ರೈಮರ್, ಅದೇ ದಿನ

ಬೆತ್ತಲೆ ಉಕ್ಕು ತೇವದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಕಿತ್ತಳೆ ಛಾಯೆಗೆ ತಿರುಗುತ್ತದೆ. ಬೆಳಿಗ್ಗೆ ಕೊನೆಯ ಉಜ್ಜು, ಸಂಜೆಯೊಳಗೆ ಪ್ರೈಮರ್. ರಾತ್ರಿ ಕಳೆಯಿತೆಂದರೆ ಮತ್ತೆ ಉಜ್ಜಬೇಕು.

ದಿನ ನೋಡಿ ಆರಂಭಿಸಿ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 85ಕ್ಕಿಂತ ಕಡಿಮೆ ಇರಬೇಕು, ಲೋಹದ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣತೆಗಿಂತ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು. ಅಳೆಯುವ ಸಾಧನ ಇಲ್ಲದವರು ನೆಲದ ಮೇಲೆ ಒದ್ದೆ ಬಟ್ಟೆಯಿಂದ ಒಂದು ಗೆರೆ ಎಳೆದು ನೋಡಬಹುದು. ಹತ್ತು ಹದಿನೈದು ನಿಮಿಷದಲ್ಲಿ ಅದು ಆರದಿದ್ದರೆ ಆ ದಿನ ಬೇಡ.

ಜಿಡ್ಡು ತೆಗೆಯಲು ಎರಡು ಬಟ್ಟೆ ಬೇಕು. ಒಂದರಿಂದ ದ್ರಾವಕ ಹಚ್ಚಿ, ಅದು ಆರುವ ಮುಂಚೆಯೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ. ತಾನಾಗಿ ಆರಲು ಬಿಟ್ಟರೆ ಕರಗಿದ ಜಿಡ್ಡು ಅಲ್ಲೇ ಮತ್ತೆ ಕೂರುತ್ತದೆ. ಬಟ್ಟೆಗಳನ್ನು ಆಗಾಗ ಬದಲಿಸಿ, ನಂತರ ಬರಿಗೈ ತಾಗಿಸಬೇಡಿ.

ಪ್ರೈಮರಿನ ಎರಡು ಭಾಗಗಳನ್ನು (ಮೂಲ ದ್ರವ, ಗಟ್ಟಿಕಾರಕ) ಅಂದಾಜಿನಲ್ಲಿ ಬೆರೆಸದೆ ಅಳತೆ ಲೋಟದಲ್ಲಿ ಬೆರೆಸಿ. ನೀರು ಹೋಗುವ ತೂತುಗಳಿಗೆ ಮರದ ಕಡ್ಡಿ ಸಿಕ್ಕಿಸಿಡಿ. ಮೊದಲು ಬ್ರಷ್ ಹಿಡಿದು ಸಂದು, ಅಂಚು, ಬೆಸುಗೆ ಗೆರೆ, ಬೋಲ್ಟ್ ತೂತುಗಳ ಬಾಯಿಗೆ ಮಾತ್ರ ತಿದ್ದಿ ತುಂಬಿ. ಚೂಪು ಅಂಚಿನಿಂದ ಲೇಪನ ಹಿಂದೆ ಸರಿದು ತೆಳ್ಳಗಾಗುತ್ತದೆ, ತುಕ್ಕು ಮರಳುವುದೂ ಅಲ್ಲಿಂದಲೇ. ಆಮೇಲೆ ಇಡೀ ನೆಲಕ್ಕೆ ರೋಲರ್ ಅಥವಾ ಸ್ಪ್ರೇ. ಎರಡನೆಯ ಪದರಕ್ಕೆ ಬೇರೆ ಛಾಯೆ ಇಟ್ಟುಕೊಂಡರೆ ತಪ್ಪಿಸಿದ ಜಾಗ ಕಣ್ಣಿಗೆ ಹೊಡೆಯುತ್ತದೆ. ಎರಡನೆಯ ಪದರಕ್ಕೆ ಡಬ್ಬಿ ಕೊಟ್ಟಿರುವ ಅವಧಿ ಮೀರಿದರೆ, ಉಜ್ಜಿ ಮಂಕು ಮಾಡದೆ ಮುಂದುವರಿಯಬೇಡಿ.

ದ್ರಾವಕದ ಆವಿ ಗಾಳಿಗಿಂತ ಭಾರ. ಬಗ್ಗಿ ಕೂತ ನಿಮ್ಮ ಮೂಗಿನ ಮಟ್ಟದಲ್ಲೇ, ಜೀಪಿನ ತೊಟ್ಟಿಯಂಥ ನೆಲದಲ್ಲಿ ಅದು ತುಂಬಿ ನಿಲ್ಲುತ್ತದೆ. ತಲೆ ಹಗುರಾದಂತೆ ಅನಿಸಿದ ಕ್ಷಣ ಹೊರಗೆ ಬನ್ನಿ.

## ಹಂತ 8: ಸಂದುಗಳಿಗೆ ಸೀಲಂಟ್

ಸಂದು ಮುಚ್ಚುವ ಅಂಟಾದ ಸೀಲಂಟ್ ಬರುವುದು ಪ್ರೈಮರಿನ ಮೇಲೆ, ಬರಿ ಲೋಹದ ಮೇಲಲ್ಲ. ಪಾಲಿಯುರೆಥೇನ್ ಬಗೆಯದು, ಮೇಲೆ ಬಣ್ಣ ಹಿಡಿಯುತ್ತದೆ ಎಂದು ಬರೆದಿರುವುದು ಬೇಕು. ಸ್ನಾನಗೃಹಕ್ಕೆ ಬಳಸುವ ಸಿಲಿಕೋನ್ ಬೇಡವೇ ಬೇಡ: ಹುಳಿ ವಾಸನೆಯ ಸಿಲಿಕೋನ್ ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ಉಕ್ಕಿಗೆ ತುಕ್ಕು ಹಿಡಿಸುತ್ತದೆ, ಅದರ ಮೇಲೆ ಬಣ್ಣವೂ ನಿಲ್ಲುವುದಿಲ್ಲ. ಸಂದಿಗೆ ಎಳೆದ ಸೀಲಂಟನ್ನು ಗಟ್ಟಿ ಬ್ರಷ್‌ನಿಂದ ಒಳಗೊತ್ತಿ ಎರಡೂ ಬದಿಗೆ ಹರಡಿ. ನೀರಿನ ತೂತುಗಳನ್ನು ಮುಚ್ಚಬೇಡಿ.

## ಹಂತ 9: ಮೇಲ್ಪದರ, ಒಳಗೊಂದು ಬಗೆ, ಕೆಳಗೊಂದು ಬಗೆ

ಒಳಗೆ ಬೂಟು, ಮರಳು, ಸಲಕರಣೆ ತಿಕ್ಕುತ್ತವೆ. ಎರಡು ಭಾಗದ ಪಾಲಿಯುರೆಥೇನ್ ಬಣ್ಣ, ಅಥವಾ ಸರಕು ತೊಟ್ಟಿಗೆ ಬಳಿಯುವ ಒರಟು ಲೇಪನ ಸೂಕ್ತ. ಇವುಗಳ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ, ಉಸಿರಾಟಕ್ಕೆ ಹಾನಿಕರವಾದ ರಾಸಾಯನಿಕ ಇರುತ್ತದೆ. ಅದನ್ನು ಸ್ಪ್ರೇ ಮಾಡಲು ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡವೇ ಬೇಕು, ಸಾಮಾನ್ಯ ಡಬ್ಬಿ ಮಾಸ್ಕ್ ನಂಬುವಂತಿಲ್ಲ. ಅದಿಲ್ಲದವರು ಬಯಲಿನಲ್ಲಿ, ಮಾಸ್ಕ್ ಹಾಕಿ, ರೋಲರಿನಲ್ಲೇ ಬಳಿಯಿರಿ.

ತುಕ್ಕಿನ ಮೇಲೇ ಬಳಿಯಬಹುದೆಂದು ಮಾರುವ, ಗಾಳಿಯ ತೇವದಿಂದ ಗಟ್ಟಿಯಾಗುವ ಲೇಪನವನ್ನು ಆರಿಸಿದ್ದರೆ ಅದರ ಕ್ರಮವೇ ಬೇರೆ. ಅದಕ್ಕೆ ಅಡಿಯಲ್ಲಿ ಎಪಾಕ್ಸಿ ಬೇಡ, ಒರಟಾದ ಲೋಹ ಬೇಕು. ನುಣುಪಾಗಿ ಹೊಳೆಯುವ ತಗಡಿನ ಮೇಲೆ ಅದು ಹಾಳೆಯಂತೆ ಎದ್ದುಬರುತ್ತದೆ. ಬಿಸಿಲು ಬೀಳುವಲ್ಲಿ ಅದರ ಮೇಲೆ ಇನ್ನೊಂದು ಬಣ್ಣದ ರಕ್ಷಣೆಯೂ ಬೇಕು.

ಕೆಳಭಾಗಕ್ಕೆ ದಪ್ಪ ಡಾಂಬರಿನ ಲೇಪನ ಬಳಿಯುವ ರೂಢಿಯನ್ನು ನಾನು ಒಪ್ಪುವುದಿಲ್ಲ. ವರ್ಷ ಕಳೆದಂತೆ ಅದು ಗಡಸಾಗಿ ಬಿರುಕು ಬಿಡುತ್ತದೆ. ಬಿರುಕಿನಿಂದ ಒಳಹೋದ ನೀರು ಹೊರಬರುವುದಿಲ್ಲ, ಹೊರಗೆ ಕಪ್ಪಗೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಕಲ್ಲೇಟು ತಾಳುವ ತೆಳು ಲೇಪನ ಬಳಿದು, ಅದರ ಮೇಲೆ ವರ್ಷಕ್ಕೊಮ್ಮೆ ಮೇಣದ ಪದರ ಕೊಟ್ಟರೆ ಒಳಗೇನಾಗುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಸೈಲೆನ್ಸರ್ ಕೊಳವೆ ಮತ್ತು ಅದರ ಶಾಖತಡೆ, ಬ್ರೇಕಿನ ರಬ್ಬರ್ ಕೊಳವೆ ಹಾಗೂ ಡಿಸ್ಕ್, ತಿರುಗುವ ಶಾಫ್ಟ್, ಆ್ಯಕ್ಸಲ್ಲಿನ ಉಸಿರುಗೊಳವೆ, ಬೋಲ್ಟಿನ ಸುತ್ತುಗಳು, ಚಾಸಿಯ ಮೇಲೆ ಕೆತ್ತಿದ ಸಂಖ್ಯೆ, ವಿದ್ಯುತ್ತಿನ ಅರ್ತ್ ಬಿಂದು: ಇವಿಷ್ಟಕ್ಕೂ ಮೊದಲೇ ಟೇಪ್ ಸುತ್ತಿಡಿ.

## ಹಂತ 10: ಟೊಳ್ಳುಗಳಿಗೆ ಮೇಣ

ಬಾಗಿಲ ಹೊಸ್ತಿಲಿನ ಒಳಗು, ನೆಲದಡಿಯ ಅಡ್ಡತೊಲೆಗಳು, ಸೀಟಿನ ಪೆಟ್ಟಿಗೆ ಇವೆಲ್ಲ ಒಳಗಿನಿಂದ ತುಕ್ಕು ಹಿಡಿಯುವವು. ಎಲ್ಲ ಬಣ್ಣ ಗಟ್ಟಿಯಾದ ಮೇಲೆಯೇ ಮೇಣ. ಮೊದಲು ಹಾಕಿದರೆ ಬಣ್ಣ ಹಿಡಿಯುವುದಿಲ್ಲ, ಬೆಸುಗೆ ಹಾಕುವಾಗ ಹೊತ್ತಿಕೊಳ್ಳುತ್ತದೆ.

ಸುತ್ತಲೂ ಸಿಂಪಡಿಸುವ ಮೂತಿಯ ಉದ್ದ ಕೊಳವೆಯನ್ನು ಟೊಳ್ಳಿನ ತುದಿಯವರೆಗೂ ತೂರಿಸಿ, ಸಿಂಪಡಿಸುತ್ತಲೇ ನಿಧಾನವಾಗಿ ಹೊರಗೆಳೆಯಿರಿ. ಕೆಳಗಿನ ತೂತಿನಿಂದ ಮೇಣ ತೊಟ್ಟಿಕ್ಕಿದರೆ ಅದು ತಳದವರೆಗೂ ಮುಟ್ಟಿದೆ. ಮರುದಿನ ಆ ತೂತುಗಳಿಗೆ ಕಡ್ಡಿಯಾಡಿಸಿ ಬಿಡಿಸಿ.

## ಹಂತ 11: ಮರುಜೋಡಣೆ ಮತ್ತು ಕಾವಲು

ಮುಟ್ಟಿದರೆ ಅಂಟದಿರುವುದು ಬೇರೆ, ಪೂರ್ತಿ ಗಟ್ಟಿಯಾಗುವುದು ಬೇರೆ. ಎರಡನೆಯದಕ್ಕೆ ಹಲವು ದಿನ ಬೇಕು. ಉಗುರು ಒತ್ತಿದರೂ ಗುರುತು ಮೂಡದಂತಾಗುವವರೆಗೆ ಚಾಪೆ ಹಾಸಬೇಡಿ.

ಚಾಪೆಗೆ ಮುಂಚೆ ಮೊದಲ ಹಂತದ ನೀರಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ನೆಲದ ರಬ್ಬರ್ ಬಿರಡೆಗಳನ್ನು ಹೊಸತು ಹಾಕಿ. ಅರ್ತ್ ಬಿಂದುವನ್ನು ಹೊಳೆಯುವ ಲೋಹಕ್ಕೆ ಜೋಡಿಸಿ, ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಸವರಿ. ಸೀಟು ಮತ್ತು ಬೆಲ್ಟಿನ ಬೋಲ್ಟ್‌ಗಳನ್ನು ಕೈಪಿಡಿ ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದಲೇ ಬಿಗಿಯಿರಿ. ತುಕ್ಕು ತಿಂದ ಬೆಲ್ಟ್ ಬೋಲ್ಟನ್ನು ಮತ್ತೆ ಬಳಸಬೇಡಿ. ಚಾಪೆಯಡಿಗೆ ನೀರು ಹೀರದ, ಮುಚ್ಚಿದ ರಂಧ್ರಗಳ ಸ್ಪಂಜು ಹಾಳೆ ಹಾಕಿ. ಅದನ್ನು ನೆಲಕ್ಕೆ ಅಂಟಿಸದೆ ಬಿಡಿ, ಎತ್ತಿ ನೋಡಲು ಬರುವಂತಿರಲಿ.

ಮೊದಲ ದೊಡ್ಡ ಮಳೆಯ ನಂತರ, ಮತ್ತು ಹೊಳೆ ದಾಟಿ ಬಂದ ಪ್ರತಿ ಸಲವೂ ಚಾಪೆ ಎತ್ತಿ ಕೈಯಾಡಿಸಿ. ಅಂಚಿನಲ್ಲಿ ಕಂದು ಗೆರೆ ಇಳಿದಿದ್ದರೆ ಸಂದಿನೊಳಗೆ ತುಕ್ಕು ಉಳಿದಿದೆ. ಅಗಲವಾಗಿ ಸಣ್ಣ ಸಣ್ಣ ಗುಳ್ಳೆಗಳೆದ್ದರೆ ಪದರದಡಿ ತೇವವೋ ಉಪ್ಪೋ ಸಿಕ್ಕಿಕೊಂಡಿದೆ. ದೊಡ್ಡ ಹಾಳೆಯಾಗಿ ಕಿತ್ತುಬಂದು ಅಡಿಯಲ್ಲಿ ಲೋಹ ಹೊಳೆಯುತ್ತಿದ್ದರೆ ಜಿಡ್ಡು ಹೋಗಿರಲಿಲ್ಲ, ಅಥವಾ ಉಜ್ಜಿದ್ದು ಸಾಲದು. ಯಾವುದೇ ಆಗಲಿ, ಅಂಗೈಯಷ್ಟು ಅಗಲವಿರುವಾಗಲೇ ಆ ಜಾಗವನ್ನಷ್ಟೇ ನಾಲ್ಕನೆಯ ಹಂತದಿಂದ ಮತ್ತೆ ಆರಂಭಿಸಿ. ಅದರ ಮೇಲೆ ಇನ್ನೊಂದು ಪದರ ಬಳಿದು ಮುಚ್ಚಬೇಡಿ.